ಕೊಳವೆ, ಲೆಕ್ಕ, ಇಂಧನ: ಮೈಸೂರಿನ ಬಾಣಕ್ಕೂ ಅಂತರಿಕ್ಷಯಾನಕ್ಕೂ ಇರುವ ಸಂಬಂಧ

1. ಪ್ರಶ್ನೆಯ ಸ್ವರೂಪ

ಹೈದರಾಲಿ ಮತ್ತು ಟಿಪ್ಪು ಸುಲ್ತಾನರ ಕಾಲದ ಮೈಸೂರನ್ನು ಕುರಿತು ಕಾಲೇಜುಗಳಲ್ಲಿ ಪಾಠ ನಡೆಯುವಾಗ, ಕಬ್ಬಿಣದ ಬಾಣಗಳ ವಿಚಾರ ಬಂದೊಡನೆ ತರಗತಿಯು ಎಚ್ಚೆತ್ತುಕೊಳ್ಳುವುದನ್ನು ಅಧ್ಯಾಪಕರೆಲ್ಲರೂ ಬಲ್ಲರು. ಆ ಉತ್ಸಾಹದ ಬೆನ್ನಿಗೇ ಒಂದು ಪ್ರಶ್ನೆಯೂ ಏಳುತ್ತದೆ: ಇಂದು ಚಂದ್ರನವರೆಗೆ ನೌಕೆಗಳನ್ನು ಕಳುಹಿಸುತ್ತಿರುವ ರಾಕೆಟ್ಟಿಗೆ ಶ್ರೀರಂಗಪಟ್ಟಣದ ಬಾಣವೇ ಮೂಲವಲ್ಲವೆ?

ಇದಕ್ಕೆ ಎರಡು ಸಿದ್ಧ ಉತ್ತರಗಳು ಬಳಕೆಯಲ್ಲಿವೆ. ಅಂತರಿಕ್ಷಯಾನದ ವಿದ್ಯೆಯೆಲ್ಲವೂ ಮೈಸೂರಿನಲ್ಲಿಯೇ ಹುಟ್ಟಿತು, ಪಾಶ್ಚಾತ್ಯರು ಅದನ್ನು ಕೊಂಡೊಯ್ದು ತಮ್ಮದೆಂದು ಹೇಳಿಕೊಂಡರು ಎಂಬುದು ಒಂದು. ಮೈಸೂರಿನ ಬಾಣವು ಜಾತ್ರೆಯ ಬಿರುಸಿಗಿಂತ ಮಿಗಿಲಾದುದೇನಲ್ಲ, ನಿಜವಾದ ರಾಕೆಟ್ಟು ಇಪ್ಪತ್ತನೆಯ ಶತಮಾನದ ಸೃಷ್ಟಿ ಎಂಬುದು ಇನ್ನೊಂದು. ಮೊದಲನೆಯದು ಅಭಿಮಾನದಿಂದಲೂ ಎರಡನೆಯದು ಅಲಕ್ಷ್ಯದಿಂದಲೂ ಹುಟ್ಟಿದ ಮಾತು. ಎರಡೂ ವಿದ್ಯಾರ್ಥಿಯನ್ನು ಮುಂದೆ ವಿಚಾರಮಾಡದಂತೆ ತಡೆಯುತ್ತವೆ. ಆದುದರಿಂದ ಎರಡೂ ಅಪಾಯಕರವೇ.

ಈ ಲೇಖನದಲ್ಲಿ ನಾವು ಬೇರೊಂದು ದಾರಿಯನ್ನು ಹಿಡಿದಿದ್ದೇವೆ. ರಾಕೆಟ್ಟೆಂಬುದು ಒಂದೇ ಆವಿಷ್ಕಾರವಲ್ಲ. ಅದು ಮೂರು ಬೇರೆ ಬೇರೆ ಸಮಸ್ಯೆಗಳಿಗೆ ದೊರೆತ ಪರಿಹಾರಗಳ ಸಂಗಮ. ಉರಿಯುವ ಮದ್ದಿನ ಒತ್ತಡವನ್ನು ತಡೆಯಬಲ್ಲ ಕೊಳವೆ ಮೊದಲನೆಯದು. ಅದರ ಚಲನೆಯನ್ನು ಮುಂದಾಗಿ ತಿಳಿಸುವ ಲೆಕ್ಕ ಎರಡನೆಯದು. ಸಾಕಷ್ಟು ವೇಗದಿಂದ ಹೊರಚಿಮ್ಮುವ ಅನಿಲವನ್ನು ಒದಗಿಸುವ ಇಂಧನ ಮೂರನೆಯದು. ಈ ಮೂರೂ ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ದೇಶಗಳಲ್ಲಿ ಬಗೆಹರಿದವು. ಮೈಸೂರಿಗೆ ಸಲ್ಲತಕ್ಕ ಮನ್ನಣೆ ಯಾವುದು, ಸಲ್ಲದುದು ಯಾವುದು ಎಂಬುದನ್ನು ಈ ವಿಂಗಡಣೆಯಿಂದ ನಿರ್ಣಯಿಸಬಹುದೆಂಬುದು ನಮ್ಮ ಅಭಿಪ್ರಾಯ.

2. ರಾಕೆಟ್ಟು ಚಲಿಸುವ ಬಗೆ

ಇತಿಹಾಸಕ್ಕೆ ಪ್ರವೇಶಿಸುವ ಮುನ್ನ ರಾಕೆಟ್ಟಿನ ತತ್ತ್ವವನ್ನು ಸ್ವಲ್ಪ ತಿಳಿದುಕೊಳ್ಳುವುದು ಅವಶ್ಯಕ. ಹಕ್ಕಿಯಾಗಲಿ ವಿಮಾನವಾಗಲಿ ಗಾಳಿಯನ್ನು ಆಧರಿಸಿ ಹಾರುತ್ತದೆ. ರೆಕ್ಕೆಯನ್ನು ಎತ್ತಿ ಹಿಡಿಯುವುದು ಗಾಳಿ. ವಿಮಾನದ ಯಂತ್ರದಲ್ಲಿ ಇಂಧನವನ್ನು ಉರಿಸುವುದೂ ಗಾಳಿಯಲ್ಲಿರುವ ಆಮ್ಲಜನಕ. ಗಾಳಿಯಿಲ್ಲದ ಎಡೆಯಲ್ಲಿ ವಿಮಾನಕ್ಕೆ ಊರುವ ನೆಲವೂ ಇಲ್ಲ, ಉಸಿರೂ ಇಲ್ಲ.

ರಾಕೆಟ್ಟಿನ ರೀತಿ ಬೇರೆ. ಕಾವೇರಿಯ ನಿಂತ ಮಡುವಿನಲ್ಲಿ ಹರಿಗೋಲೊಂದರೊಳಗೆ ಕುಳಿತವನು ಕಲ್ಲುಗಳನ್ನು ಒಂದೊಂದಾಗಿ ಹಿಂದಕ್ಕೆ ಬಲವಾಗಿ ಎಸೆಯುತ್ತಿರುವನೆಂದು ಭಾವಿಸೋಣ. ಪ್ರತಿಯೊಂದು ಎಸೆತಕ್ಕೂ ಹರಿಗೋಲು ಸ್ವಲ್ಪ ಮುಂದಕ್ಕೆ ಸರಿಯುತ್ತದೆ. ಅದನ್ನು ಮುಂದೆ ನೂಕಿದುದು ಹಿಂದಿನ ನೀರಲ್ಲ, ಗಾಳಿಯೂ ಅಲ್ಲ. ಕಲ್ಲನ್ನು ಎಸೆದ ಕೈಗೆ ಕಲ್ಲು ಮರಳಿ ಕೊಟ್ಟ ತಳ್ಳು. ಪ್ರತಿಯೊಂದು ಕ್ರಿಯೆಗೂ ಸಮನಾದ ಮತ್ತು ವಿರುದ್ಧವಾದ ಪ್ರತಿಕ್ರಿಯೆಯುಂಟೆಂದು ನ್ಯೂಟನ್ 1687ರಲ್ಲಿ ಪ್ರತಿಪಾದಿಸಿದ ಮೂರನೆಯ ನಿಯಮವೇ ಇದು. ರಾಕೆಟ್ಟಿನಲ್ಲಿ ಕಲ್ಲಿನ ಬದಲಿಗೆ ಕಾದ ಅನಿಲವಿದೆ, ಅಷ್ಟೇ ವ್ಯತ್ಯಾಸ.

ಮತ್ತೊಂದು ಅಂಶವನ್ನೂ ಗಮನಿಸಬೇಕು. ಕೋವಿಮದ್ದು ಪೆಟ್ಲುಪ್ಪು, ಇದ್ದಿಲು, ಗಂಧಕ ಇವುಗಳ ಮಿಶ್ರಣ. ಇದ್ದಿಲು ಮತ್ತು ಗಂಧಕ ಉರಿಯುವ ವಸ್ತುಗಳು. ಅವನ್ನು ಉರಿಸಲು ಬೇಕಾದ ಆಮ್ಲಜನಕವನ್ನು ಪೆಟ್ಲುಪ್ಪು ಕೊಡುತ್ತದೆ. ಎಂದರೆ, ಜಾತ್ರೆಯ ಬಿರುಸಿನಿಂದ ಚಂದ್ರಯಾನದವರೆಗೆ ಎಲ್ಲ ರಾಕೆಟ್ಟುಗಳೂ ತಮ್ಮ ಉಸಿರನ್ನು ತಾವೇ ಹೊತ್ತುಕೊಂಡು ಹೋಗುತ್ತವೆ. ಗಾಳಿಯಿಲ್ಲದ ಎಡೆಯಲ್ಲಿ ಸಂಚರಿಸುವ ಯೋಗ್ಯತೆ ರಾಕೆಟ್ಟಿಗೆ ಹುಟ್ಟಿನಿಂದಲೇ ಬಂದದ್ದು. ಆದರೆ ಈ ಯೋಗ್ಯತೆಯು ಸಾಮರ್ಥ್ಯವಾಗಿ ಪರಿಣಮಿಸಲು ಶತಮಾನಗಳೇ ಹಿಡಿದವು.

3. ಮೈಸೂರಿನ ಕೊಳವೆ

ಮದ್ದು ತುಂಬಿದ ಬಾಣವು ಮೈಸೂರಿನಲ್ಲಿ ಹುಟ್ಟಿದುದಲ್ಲ. ಹದಿಮೂರನೆಯ ಶತಮಾನದ ಹೊತ್ತಿಗೆ ಚೀನಾದಲ್ಲಿ ಬೆಂಕಿಯ ಆಯುಧಗಳು ಬಳಕೆಯಲ್ಲಿದ್ದುವು. ವಿಜಯನಗರಕ್ಕೆ ಬಂದ ಅಬ್ದುಲ್ ರಜಾಕ್, ಡೊಮಿಂಗೊ ಪಾಯೆಸ್ ಮುಂತಾದ ಪ್ರವಾಸಿಗಳು ಮಹಾನವಮಿಯ ಉತ್ಸವದಲ್ಲಿ ಕಂಡ ಬಾಣಬಿರುಸುಗಳ ವಿಷಯವನ್ನು ಬರೆದಿಟ್ಟಿದ್ದಾರೆ. ನಮ್ಮ ಭಾಷೆಯ ‘ಬಾಣಬಿರುಸು’ ಎಂಬ ಜೋಡುಪದದಲ್ಲಿ ಯುದ್ಧದ ಬಾಣವೂ ಹಬ್ಬದ ಬಿರುಸೂ ಇಂದಿಗೂ ಒಟ್ಟಿಗೆ ಕುಳಿತಿವೆ.

ಹಾಗಾದರೆ ಮೈಸೂರಿನ ಕೊಡುಗೆ ಏನು? ಅದು ಕೊಳವೆ. ಅದುವರೆಗಿನ ಬಾಣಗಳ ಮೈ ಸಾಮಾನ್ಯವಾಗಿ ಕಾಗದದ ಸುರುಳಿಯದು ಇಲ್ಲವೆ ಬಿದಿರಿನದು. ಅವು ಹೆಚ್ಚಿನ ಒತ್ತಡವನ್ನು ತಾಳಲಾರವು; ಮದ್ದನ್ನು ಗಟ್ಟಿಯಾಗಿ ಇಡಿದು ತುಂಬಿದರೆ ಹಾರುವ ಬದಲು ಒಡೆದು ಸಿಡಿಯುತ್ತವೆ. ಮೈಸೂರಿನ ಕುಶಲಕರ್ಮಿಗಳು ಮೆದು ಕಬ್ಬಿಣದ ತಗಡನ್ನು ಬಡಿದು ಕೊಳವೆ ಮಾಡಿ, ಒಂದು ತುದಿಯನ್ನು ಮುಚ್ಚಿ, ಇನ್ನೊಂದು ತುದಿಯಲ್ಲಿ ಅನಿಲ ಹೊರಬೀಳಲು ರಂಧ್ರವನ್ನು ಬಿಟ್ಟರು. ಮದ್ದು ಉರಿಯುವ ವೇಗವು ಸುತ್ತಲಿನ ಒತ್ತಡ ಹೆಚ್ಚಿದಂತೆ ಹೆಚ್ಚುತ್ತದೆ. ಒತ್ತಡವನ್ನು ತಾಳಬಲ್ಲ ಕೊಳವೆಯಲ್ಲಿ ಮದ್ದನ್ನು ದಟ್ಟವಾಗಿ ತುಂಬಬಹುದು. ಅದು ಬೇಗ ಉರಿಯುತ್ತದೆ. ಅನಿಲವು ರಭಸದಿಂದ ಹೊರಬೀಳುತ್ತದೆ. ಬಾಣವು ದೂರ ಹೋಗುತ್ತದೆ. ಕಾಗದದ ಬದಲು ಕಬ್ಬಿಣವೆಂಬ ಒಂದು ಬದಲಾವಣೆಯ ಹಿಂದೆ ಇಷ್ಟೊಂದು ಪರಿಣಾಮಗಳ ಸರಪಣಿಯಿದೆ.

ಇದು ಎಲ್ಲಿಯಾದರೂ ನಡೆಯಬಹುದಾಗಿದ್ದ ಕೆಲಸವಲ್ಲ. ಒಳ್ಳೆಯ ಕಬ್ಬಿಣವೂ ಅದನ್ನು ಬಡಿಯಬಲ್ಲ ಕೈಗಳೂ ಹತ್ತಿರದಲ್ಲಿಯೇ ಇರಬೇಕು. ಶ್ರೀರಂಗಪಟ್ಟಣದ ಪತನದ ಮರುವರ್ಷ, 1800ರಲ್ಲಿ, ಈ ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಮಾಗಡಿಯ ಆಸುಪಾಸಿನಲ್ಲಿಯೂ ಚಿನ್ನರಾಯನದುರ್ಗದ ಕಡೆಯಲ್ಲಿಯೂ ಕಬ್ಬಿಣ ಮತ್ತು ಉಕ್ಕಿನ ತಯಾರಿಕೆಯನ್ನು ವಿವರವಾಗಿ ದಾಖಲಿಸಿದ್ದಾನೆ. ಬಾಣದ ಕೊಳವೆಯನ್ನು ಈ ಹಿನ್ನೆಲೆಯಿಂದ ಬೇರ್ಪಡಿಸಿ ನೋಡಲಾಗದು.

ವುಲ್ವಿಚ್ಚಿನ ಫಿರಂಗಿದಳದ ಸಂಗ್ರಹಕ್ಕೆ ಸೇರಿದ ಮೈಸೂರಿನ ಬಾಣಗಳನ್ನು ಬೆಂಗಳೂರಿನ ವಿಜ್ಞಾನಿ ರೊದ್ದಂ ನರಸಿಂಹ ಅವರು 1985ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ವಿವರಿಸಿದ್ದಾರೆ. ಅಲ್ಲಿನ ಒಂದು ಕೊಳವೆಯ ಉದ್ದ ಸುಮಾರು 254 ಮಿಲಿಮೀಟರು, ವ್ಯಾಸ ಸುಮಾರು 58 ಮಿಲಿಮೀಟರು. ಅದನ್ನು ಚರ್ಮದ ಪಟ್ಟಿಗಳಿಂದ ಒಂದು ಮೀಟರಿಗಿಂತ ತುಸು ಉದ್ದವಾದ ಕತ್ತಿಯ ಅಲಗಿಗೆ ಬಿಗಿಯಲಾಗಿದೆ. ಇತರ ಬಾಣಗಳಲ್ಲಿ ಕತ್ತಿಯ ಸ್ಥಾನದಲ್ಲಿ ಬಿದಿರಿನ ಗಳುವಿರುತ್ತಿತ್ತು. ಗಳುವಾಗಲಿ ಅಲಗಾಗಲಿ ಅಲಂಕಾರವಲ್ಲ; ಬಾಣವು ಗಾಳಿಯಲ್ಲಿ ಪಲ್ಟಿ ಹೊಡೆಯದೆ ಮುಖ ಮುಂದಾಗಿಯೇ ಸಾಗುವಂತೆ ಮಾಡುವ ಬಾಲವದು.

ಈ ಬಾಣಗಳ ಹಿಂದೆ ಒಂದು ಸಂಘಟನೆಯೂ ಇತ್ತು. ಟಿಪ್ಪುವಿನ ಅಪ್ಪಣೆಯಂತೆ ಸಿದ್ಧವಾದ ‘ಫತ್‌ಹುಲ್ ಮುಜಾಹಿದೀನ್’ ಎಂಬ ಸೈನಿಕ ಕೈಪಿಡಿಯು ಬಾಣದವರನ್ನು ಸೈನ್ಯದ ನಿಯಮಿತ ಅಂಗವಾಗಿ ಪರಿಗಣಿಸುತ್ತದೆ. ಫಿರಂಗಿಯನ್ನು ಎಳೆಯಲು ಎತ್ತುಗಳೂ ದಾರಿಯೂ ಬೇಕು. ಬಾಣವನ್ನು ಕಾಲಾಳು ಹೊತ್ತೊಯ್ದು, ನೆಲದ ಮೇಲಿಂದಲೋ ಓರೆಯಾಗಿ ನಿಲ್ಲಿಸಿದ ಆಸರೆಯಿಂದಲೋ ಬಿಡಬಹುದು. ಗುರಿ ನಿಖರವಲ್ಲದಿದ್ದರೂ, ಒತ್ತಾಗಿ ನಿಂತ ಪಡೆಯ ಮೇಲೆ ಹಲವಾರು ಬಾಣಗಳನ್ನು ಒಮ್ಮೆಗೇ ಬಿಟ್ಟಾಗ ಉಂಟಾಗುವ ಗೊಂದಲ ಸಣ್ಣದಲ್ಲ.

1780ರ ಸೆಪ್ಟೆಂಬರ್ 10ರಂದು ಪೊಲ್ಲಿಲೂರಿನಲ್ಲಿ ಕರ್ನಲ್ ಬೇಯ್ಲಿಯ ಪಡೆಯು ಸಂಪೂರ್ಣವಾಗಿ ಸೋತಿತು. ಆ ದಿನ ಇಂಗ್ಲಿಷರ ಮದ್ದಿನ ಬಂಡಿಗಳು ಸ್ಫೋಟಗೊಂಡುದು ಮೈಸೂರಿನ ಬಾಣಗಳಿಂದಲೇ ಎಂಬ ಮಾತು ಪ್ರಸಿದ್ಧವಾಗಿದೆ. ಶ್ರೀರಂಗಪಟ್ಟಣದ ದರಿಯಾ ದೌಲತ್ತಿನ ಗೋಡೆಯ ಮೇಲಿನ ಚಿತ್ರದಲ್ಲಿ ಆ ಸ್ಫೋಟವನ್ನೂ ಪಲ್ಲಕ್ಕಿಯಲ್ಲಿ ಕುಳಿತ ಬೇಯ್ಲಿಯನ್ನೂ ಕಾಣಬಹುದು. ಆದರೆ ಸ್ಫೋಟಕ್ಕೆ ಫಿರಂಗಿಯ ಗುಂಡು ಕಾರಣವೆನ್ನುವ ವೃತ್ತಾಂತಗಳೂ ಇವೆ. ಚಿತ್ರವು ವಿಜಯದ ಸ್ಮಾರಕ. ಸ್ಫೋಟದ ಕಾರಣಕ್ಕೆ ಅದೊಂದನ್ನೇ ಸಾಕ್ಷಿಯಾಗಿ ನಿಲ್ಲಿಸಲಾಗದೆಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು. ಇದಕ್ಕಿಂತ ದೃಢವಾದ ಪ್ರಸಂಗವೆಂದರೆ 1799ರ ಏಪ್ರಿಲ್ 5ರ ರಾತ್ರಿಯದು. ಅಂದು ಸುಲ್ತಾನ್‌ಪೇಟೆಯ ತೋಪಿನಲ್ಲಿ ಕರ್ನಲ್ ಆರ್ಥರ್ ವೆಲ್ಲೆಸ್ಲಿಯ ಪಡೆಯು ಬಾಣ ಮತ್ತು ತುಪಾಕಿಗಳ ಹೊಡೆತಕ್ಕೆ ಸಿಕ್ಕಿ ಕತ್ತಲೆಯಲ್ಲಿ ಚೆದುರಿ ಹಿಮ್ಮೆಟ್ಟಿತು. ಮರುದಿನ ಅದು ತೋಪನ್ನು ಹಿಡಿಯಿತು. ಮೇ 4ರಂದು ಕೋಟೆ ಬಿದ್ದಿತು. ಬಾಣವು ಯುದ್ಧದ ಗತಿಯನ್ನು ಒಂದು ರಾತ್ರಿ ತಡೆಯಿತೇ ಹೊರತು ರಾಜ್ಯವನ್ನು ಉಳಿಸಲಿಲ್ಲ.

4. ವುಲ್ವಿಚ್ಚಿನ ಪರೀಕ್ಷೆಗಳು

ಶ್ರೀರಂಗಪಟ್ಟಣದಿಂದ ಬಾಣಗಳ ಮಾದರಿಗಳು ಇಂಗ್ಲೆಂಡಿನ ವುಲ್ವಿಚ್ಚಿಗೆ ಹೋದುವು. ಅಲ್ಲಿನ ಶಸ್ತ್ರಾಗಾರದ ಅಧಿಕಾರಿಯ ಮಗನಾದ ವಿಲಿಯಂ ಕಾಂಗ್ರೀವ್ 1804ರ ಸುಮಾರಿನಲ್ಲಿ ಪ್ರಯೋಗಗಳನ್ನು ಆರಂಭಿಸಿದನು. ಲಂಡನ್ನಿನಲ್ಲಿ ದೊರೆಯುತ್ತಿದ್ದ ಅತ್ಯಂತ ದೊಡ್ಡ ಬಿರುಸುಗಳು ಆರುನೂರು ಗಜಗಳನ್ನು ದಾಟಲಾರವೆಂಬುದು ಅವನಿಗೆ ಮೊದಲು ಕಂಡುಬಂದಿತು. ಮೈಸೂರಿನ ಬಾಣಗಳು ಅದಕ್ಕಿಂತ ದೂರ ಹೋಗುತ್ತಿದ್ದುವೆಂಬುದು ಅಲ್ಲಿನ ಸೈನಿಕರಿಗೆ ಅನುಭವದಿಂದಲೇ ತಿಳಿದಿತ್ತು. ಅವನು ಮದ್ದಿನ ಪಾಕವನ್ನು, ರಂಧ್ರದ ಗಾತ್ರವನ್ನು, ಕೊಳವೆಯ ಅಳತೆಯನ್ನು ಒಂದೊಂದಾಗಿ ಬದಲಿಸಿ ಪರೀಕ್ಷಿಸಿದನು. ಅಲ್ಪಕಾಲದಲ್ಲಿಯೇ ಅವನ ಕಬ್ಬಿಣದ ಕೊಳವೆಯ ರಾಕೆಟ್ಟುಗಳು ಎರಡು ಸಾವಿರ ಗಜಗಳನ್ನು ಮುಟ್ಟಿದುವು. 1806ರಲ್ಲಿ ಬೂಲೋನ್ ಬಂದರಿನ ಮೇಲೆಯೂ 1807ರಲ್ಲಿ ಕೋಪನ್‌ಹೇಗನ್ ನಗರದ ಮೇಲೆಯೂ ಅವು ಪ್ರಯೋಗಗೊಂಡುವು.

ಕಾಂಗ್ರೀವ್ ಮೈಸೂರಿನಿಂದ ಏನನ್ನು ಪಡೆದನು, ತಾನಾಗಿ ಏನನ್ನು ಸೇರಿಸಿದನು? ಕಬ್ಬಿಣದ ಕೊಳವೆಯ ಬಾಣವು ಯುದ್ಧದಲ್ಲಿ ಕೆಲಸಕ್ಕೆ ಬರುತ್ತದೆಂಬ ಅರಿವು ಮೈಸೂರಿನ ರಣರಂಗಗಳಿಂದ ಇಂಗ್ಲೆಂಡಿಗೆ ಹೋದುದೆಂಬುದರಲ್ಲಿ ಸಂದೇಹವಿಲ್ಲ. ಅವನು ಸೇರಿಸಿದುದು ಕ್ರಮಬದ್ಧವಾದ ಪರೀಕ್ಷೆ ಮತ್ತು ಬರವಣಿಗೆ. ಈ ಎರಡನೆಯದು ಮೊದಲನೆಯದಕ್ಕಿಂತ ಕಡಮೆಯದಲ್ಲ. ಮೈಸೂರಿನ ಬಾಣಗಾರರ ಪಾಕ, ಅಳತೆ, ಹದಗಳು ಕೈಯಿಂದ ಕೈಗೆ ಸಾಗಿದ ವಿದ್ಯೆಗಳು. ಆಶ್ರಯ ತಪ್ಪಿದೊಡನೆ ಆ ಸರಪಣಿ ಕಡಿದುಬಿದ್ದಿತು. ಕಾಂಗ್ರೀವನ ಫಲಿತಾಂಶಗಳು ಅಚ್ಚಾಗಿ ಪುಸ್ತಕಗಳಾಗಿ ಉಳಿದುವು.

ಇದರ ಪರಿಣಾಮವಾಗಿ ವುಲ್ವಿಚ್ಚಿನಲ್ಲಿ ಇನ್ನೊಂದು ಮಹತ್ತ್ವದ ಕಾರ್ಯ ನಡೆಯಿತು. ಅಲ್ಲಿನ ಸೈನಿಕ ವಿದ್ಯಾಲಯದಲ್ಲಿ ಗಣಿತವನ್ನು ಬೋಧಿಸುತ್ತಿದ್ದ ವಿಲಿಯಂ ಮೂರ್ ರಾಕೆಟ್ಟುಗಳ ಚಲನೆಯನ್ನು ಕುರಿತು 1813ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದನು. ಹಾರುತ್ತ ಹಾರುತ್ತ ತನ್ನ ತೂಕವನ್ನು ತಾನೇ ಕಳೆದುಕೊಳ್ಳುವ ವಸ್ತುವಿನ ಚಲನೆಯನ್ನು ನ್ಯೂಟನ್ನನ ನಿಯಮಗಳಿಂದ ಲೆಕ್ಕಹಾಕುವ ಕ್ರಮ ಅದರಲ್ಲಿದೆ. ಮೈಸೂರಿನ ಕೊಳವೆಯಿಂದ ಕಾಂಗ್ರೀವ್, ಕಾಂಗ್ರೀವನಿಂದ ಮೂರ್: ಕೊಳವೆಗೂ ಲೆಕ್ಕಕ್ಕೂ ನೇರವಾದ ಸಂಬಂಧವನ್ನು ತೋರಿಸಬಹುದಾದ ಎಡೆ ಇದು. ನಮ್ಮ ಪಠ್ಯಗಳಲ್ಲಿ ಕಾಂಗ್ರೀವನ ಹೆಸರು ಬಂದಷ್ಟು ಮೂರನ ಹೆಸರು ಬರುವುದಿಲ್ಲ, ಬರಬೇಕಾದುದು ಯೋಗ್ಯ.

ಆದರೆ ಈ ಎಳೆಯೂ ಕಡಿಯಿತು. ವಿಲಿಯಂ ಹೇಲ್ ಎಂಬವನು 1844ರಲ್ಲಿ ಗಳುವಿಲ್ಲದೆ ತಿರುಗುತ್ತ ಸಾಗುವ ರಾಕೆಟ್ಟನ್ನು ರೂಪಿಸಿದನಾದರೂ, ಒಳಗೀರುಗಳುಳ್ಳ ಹೊಸ ಫಿರಂಗಿಗಳು ಬಂದ ಮೇಲೆ ದೂರದಲ್ಲಿಯೂ ಗುರಿಯಲ್ಲಿಯೂ ರಾಕೆಟ್ಟು ಹಿಂದೆ ಬಿದ್ದಿತು. ಹತ್ತೊಂಬತ್ತನೆಯ ಶತಮಾನದ ಕೊನೆಯ ವೇಳೆಗೆ ಅದು ಹಡಗುಗಳ ಸಂಕೇತಕ್ಕೂ ಉತ್ಸವಕ್ಕೂ ಮೀಸಲಾಯಿತು. ಮೂರನ ಗ್ರಂಥವನ್ನು ಓದುವವರೂ ಇಲ್ಲವಾದರು.

5. ಒಂದು ಸಣ್ಣ ಲೆಕ್ಕ

ಇದಾದ ಬಹುಕಾಲದ ಮೇಲೆ ರಷ್ಯದ ಕಲೂಗ ಎಂಬ ಊರಿನಲ್ಲಿ ಕಾನ್‌ಸ್ಟಾಂಟಿನ್ ತ್ಸಿಯೋಲ್ಕೋವ್‌ಸ್ಕಿ ಎಂಬ ಶಾಲಾ ಉಪಾಧ್ಯಾಯನು ಇದೇ ಲೆಕ್ಕವನ್ನು ಸ್ವತಂತ್ರವಾಗಿ ಮಾಡಿದನು. ಬಾಲ್ಯದಲ್ಲಿ ಜ್ವರದಿಂದ ಶ್ರವಣಶಕ್ತಿಯನ್ನು ಬಹುಮಟ್ಟಿಗೆ ಕಳೆದುಕೊಂಡಿದ್ದ ಆತನು ಹೆಚ್ಚಾಗಿ ಸ್ವಾಧ್ಯಾಯದಿಂದಲೇ ಕಲಿತವನು. ಪ್ರತಿಕ್ರಿಯಾಯಂತ್ರಗಳ ಸಹಾಯದಿಂದ ವಿಶ್ವಾಕಾಶವನ್ನು ಶೋಧಿಸುವುದನ್ನು ಕುರಿತ ಅವನ ಲೇಖನ 1903ರಲ್ಲಿ ಪ್ರಕಟವಾಯಿತು. ಅದೇ ವರ್ಷದ ಡಿಸೆಂಬರ್ 17ರಂದು ಅಮೆರಿಕದ ರೈಟ್ ಸಹೋದರರು ಯಂತ್ರಚಾಲಿತ ವಿಮಾನದಲ್ಲಿ ಮೊದಲ ಬಾರಿಗೆ ಹಾರಿದರು. ಗಾಳಿಯಲ್ಲಿ ಹಾರುವ ವಿದ್ಯೆಯು ನೆಲವನ್ನು ಬಿಟ್ಟ ವರ್ಷದಲ್ಲಿಯೇ ಗಾಳಿಯನ್ನು ಮೀರುವ ವಿದ್ಯೆಯ ಲೆಕ್ಕವೂ ಅಚ್ಚಾಯಿತು.

ಆ ಲೆಕ್ಕದ ಸಾರವಿಷ್ಟು. ರಾಕೆಟ್ಟು ಗಳಿಸುವ ವೇಗವು ಎರಡು ಸಂಗತಿಗಳನ್ನು ಅವಲಂಬಿಸಿದೆ: ಅನಿಲವು ಹೊರಬೀಳುವ ವೇಗ ಒಂದು, ಹೊರಡುವಾಗಿನ ತೂಕವು ಇಂಧನ ತೀರಿದ ಮೇಲಿನ ತೂಕದ ಎಷ್ಟು ಪಾಲು ಎಂಬುದು ಇನ್ನೊಂದು. ರಾಕೆಟ್ಟು ಅನಿಲದ ವೇಗಕ್ಕೆ ಸಮನಾದ ವೇಗವನ್ನು ಪಡೆಯಬೇಕಾದರೆ ಹೊರಡುವಾಗಿನ ತೂಕವು ಕೊನೆಯ ತೂಕದ ಸುಮಾರು 2.7ರಷ್ಟಿರಬೇಕು. ಅದರ ಎರಡರಷ್ಟು ವೇಗ ಬೇಕಾದರೆ 7.4ರಷ್ಟು, ಮೂರರಷ್ಟು ಬೇಕಾದರೆ 20ರಷ್ಟು. ವೇಗವನ್ನು ಕೂಡುತ್ತ ಹೋದಂತೆ ತೂಕವು ಗುಣಿಸುತ್ತ ಹೋಗುತ್ತದೆ.

ಇದನ್ನು ನಮ್ಮ ಪ್ರಶ್ನೆಗೆ ಅನ್ವಯಿಸಿ ನೋಡೋಣ. ಭೂಮಿಯನ್ನು ಸಮೀಪದಲ್ಲಿ ಸುತ್ತುವ ಉಪಗ್ರಹಕ್ಕೆ ಸೆಕೆಂಡಿಗೆ ಸುಮಾರು 7900 ಮೀಟರು ವೇಗ ಬೇಕು. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಹಡಗುಗಳು ಸಂಕೇತಕ್ಕಾಗಿ ಬಳಸುತ್ತಿದ್ದ ಸಾಮಾನ್ಯ ಮದ್ದಿನ ರಾಕೆಟ್ಟುಗಳನ್ನು ಅಮೆರಿಕದ ರಾಬರ್ಟ್ ಗಾಡರ್ಡ್ ಅಳೆದಾಗ, ಅನಿಲದ ವೇಗ ಸೆಕೆಂಡಿಗೆ ಸುಮಾರು 300 ಮೀಟರೆಂದು ಕಂಡುಬಂದಿತು. ಇಂತಹ ಅನಿಲದಿಂದ ಒಂದು ಕಿಲೋಗ್ರಾಮು ತೂಕಕ್ಕೆ ಉಪಗ್ರಹದ ವೇಗವನ್ನು ಕೊಡಬೇಕಾದರೆ ಹೊರಡುವಾಗ ಎಷ್ಟು ತೂಕವಿರಬೇಕು? ಲೆಕ್ಕ ಹೇಳುವ ಉತ್ತರ ಸುಮಾರು 27,000 ಕೋಟಿ ಕಿಲೋಗ್ರಾಮು! ಅನಿಲದ ವೇಗವನ್ನು 2400 ಮೀಟರಿಗೆ ಏರಿಸಿದರೆ ಈ ತೂಕ 27 ಕಿಲೋಗ್ರಾಮಿಗೆ ಇಳಿಯುತ್ತದೆ. 4400 ಮೀಟರಿಗೆ ಏರಿಸಿದರೆ 6 ಕಿಲೋಗ್ರಾಮಿಗೆ. ಗಾಳಿಯ ತಡೆಯನ್ನೂ ಭೂಮಿಯ ಸೆಳೆತದಿಂದಾಗುವ ನಷ್ಟವನ್ನೂ ಇಲ್ಲಿ ಬಿಟ್ಟಿದ್ದೇವೆ. ಸೇರಿಸಿದರೆ ತೂಕಗಳು ಇನ್ನೂ ಹೆಚ್ಚುತ್ತವೆ.

ಮೊದಲ ಸಿದ್ಧ ಉತ್ತರವನ್ನು ಈ ಲೆಕ್ಕವು ನಯವಾಗಿ, ಆದರೆ ಖಚಿತವಾಗಿ ನಿರಾಕರಿಸುತ್ತದೆ. ಸಾಮಾನ್ಯ ಮದ್ದಿನ ಬಾಣವನ್ನು ಎಷ್ಟೇ ದೊಡ್ಡದಾಗಿ ಕಟ್ಟಿದರೂ ಅದು ಅಂತರಿಕ್ಷಯಾನದ ವಾಹನವಾಗಲಾರದು. ಕೊರತೆಯಿದ್ದುದು ಮೈಸೂರಿನ ಕುಶಲಕರ್ಮಿಯ ಕೈಯಲ್ಲಲ್ಲ. ಬಾಣದ ಬಾಯಿಯಲ್ಲಿ ಮತ್ತು ಅದರೊಳಗಿನ ಇಂಧನದಲ್ಲಿ.

6. ಇಂಧನ ಮತ್ತು ಅನಿಲದ ಬಾಯಿ

ಬಾಯಿಯ ಸಮಸ್ಯೆಯನ್ನು ಬಿಡಿಸಿದವನು ಮೇಲೆ ಹೇಳಿದ ಗಾಡರ್ಡ್. ಸ್ವೀಡನ್ನಿನ ದ ಲಾವಾಲ್ ಉಗಿಯ ಚಕ್ರಯಂತ್ರಕ್ಕಾಗಿ ಒಂದು ನಳಿಕೆಯನ್ನು ರೂಪಿಸಿದ್ದನು. ಅದು ಮೊದಲು ಕಿರಿದಾಗಿ ಅನಂತರ ಗಂಟೆಯ ಬಾಯಿಯಂತೆ ಅಗಲವಾಗುತ್ತದೆ. ಇದರ ಮೂಲಕ ಹಾಯುವ ಕಾದ ಅನಿಲವು ತನ್ನ ಶಾಖದ ಬಹುಭಾಗವನ್ನು ವೇಗವಾಗಿ ಮಾರ್ಪಡಿಸಿಕೊಳ್ಳುತ್ತದೆ. ಗಾಡರ್ಡ್ ಇದನ್ನು ರಾಕೆಟ್ಟಿಗೆ ಜೋಡಿಸಿ, ಹೊಗೆಯಿಲ್ಲದ ಹೊಸ ಮದ್ದನ್ನು ಬಳಸಿ, ಅನಿಲದ ವೇಗವನ್ನು ಸೆಕೆಂಡಿಗೆ 2400 ಮೀಟರಿನ ಸಮೀಪಕ್ಕೆ ಏರಿಸಿದನು. ಗಾಳಿಯನ್ನು ಹೊರದೆಗೆದ ಕೊಳವೆಯೊಳಗೂ ರಾಕೆಟ್ಟು ತಳ್ಳುತ್ತದೆಂಬುದನ್ನು ಪ್ರಯೋಗದಿಂದ ಸಿದ್ಧಪಡಿಸಿದನು. ಈ ಫಲಿತಾಂಶಗಳು 1919ರಲ್ಲಿ ಪ್ರಕಟವಾದುವು.

ಮರುವರ್ಷದ ಜನವರಿಯಲ್ಲಿ ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆಯು, ತಳ್ಳಲು ಏನೂ ಇಲ್ಲದ ಶೂನ್ಯದಲ್ಲಿ ರಾಕೆಟ್ಟು ಕೆಲಸಮಾಡದೆಂಬ ಅರ್ಥದ ಸಂಪಾದಕೀಯವನ್ನು ಬರೆದು ಅವನನ್ನು ಹಾಸ್ಯಮಾಡಿತು. ಹರಿಗೋಲು ನೀರನ್ನು ತಳ್ಳಿ ಮುಂದೆ ಹೋಯಿತೆಂದು ಭಾವಿಸುವ ತಪ್ಪೇ ಇದು. ಚಂದ್ರನತ್ತ ಮನುಷ್ಯರನ್ನು ಹೊತ್ತ ಅಪೊಲೊ 11 ಹೊರಟ ಮರುದಿನ, 1969ರ ಜುಲೈ 17ರಂದು, ಆ ಪತ್ರಿಕೆಯು ತಿದ್ದುಪಡಿಯನ್ನು ಅಚ್ಚುಮಾಡಿತು. ಅಷ್ಟರಲ್ಲಿ ಗಾಡರ್ಡ್ ಗತಿಸಿ ಸುಮಾರು 24 ವರ್ಷಗಳಾಗಿದ್ದುವು.

ಇಂಧನದ ಸಮಸ್ಯೆಗೆ ಪರಿಹಾರ ದ್ರವಗಳಲ್ಲಿ ದೊರೆಯಿತು. ದ್ರವರೂಪದ ಜಲಜನಕ ಮತ್ತು ಆಮ್ಲಜನಕಗಳನ್ನು ತ್ಸಿಯೋಲ್ಕೋವ್‌ಸ್ಕಿ ಕಾಗದದ ಮೇಲೆ ಸೂಚಿಸಿದ್ದನು. ಪೆಟ್ರೋಲು ಮತ್ತು ದ್ರವ ಆಮ್ಲಜನಕದಿಂದ ನಡೆಯುವ ರಾಕೆಟ್ಟನ್ನು 1926ರ ಮಾರ್ಚ್ 16ರಂದು ಗಾಡರ್ಡ್ ಮ್ಯಾಸಚೂಸೆಟ್ಸಿನ ಆಬರ್ನಿನಲ್ಲಿ ಹಾರಿಸಿದನು. ಅದು ಎರಡೂವರೆ ಸೆಕೆಂಡು ಹಾರಿ, 41 ಅಡಿ ಮೇಲೇರಿ, 184 ಅಡಿ ದೂರದಲ್ಲಿ ಬಿದ್ದಿತು. ಮೈಸೂರಿನ ಬಾಣವು ಇದಕ್ಕಿಂತ ಎಷ್ಟೋ ಪಾಲು ದೂರ ಹೋಗುತ್ತಿತ್ತು! ಹೊಸ ತತ್ತ್ವದ ಮೊದಲ ಹೆಜ್ಜೆಯು ಹಳೆಯ ತತ್ತ್ವದ ಪ್ರೌಢ ಸಾಧನೆಗಿಂತ ಕಿರಿದಾಗಿ ಕಾಣುವುದು ಇತಿಹಾಸದಲ್ಲಿ ಅಪೂರ್ವವೇನಲ್ಲ. ದೂರವನ್ನು ಮಾತ್ರ ಅಳೆಯುವವನಿಗೆ ಇದರ ಮಹತ್ತ್ವ ತಿಳಿಯದು.

ಮುಂದಿನ ಹೆಜ್ಜೆ ಯುದ್ಧದ ನೆರಳಿನಲ್ಲಿ ಬಿದ್ದಿತು. ಜರ್ಮನಿಯ ಪೀನೆಮ್ಯುಂಡೆಯಿಂದ 1942ರ ಅಕ್ಟೋಬರ್ 3ರಂದು ಯಶಸ್ವಿಯಾಗಿ ಹಾರಿದ ರಾಕೆಟ್ಟು, ಮುಂದೆ ವಿ-2 ಎಂಬ ಹೆಸರಿನಿಂದ ಲಂಡನ್ ಮತ್ತು ಆಂಟ್‌ವರ್ಪ್ ನಗರಗಳ ಮೇಲೆ ಬಿದ್ದಿತು. ಅದನ್ನು ತಯಾರಿಸಿದ ಮಿಟ್ಟೆಲ್‌ಬೌ-ಡೋರಾ ಶಿಬಿರದಲ್ಲಿ ಬಂದಿಗಳು ಸಾವಿರಾರು ಸಂಖ್ಯೆಯಲ್ಲಿ ಸತ್ತರು. ಯುದ್ಧಾನಂತರ ಅಮೆರಿಕವೂ ಸೋವಿಯತ್ ಒಕ್ಕೂಟವೂ ಆ ವಿದ್ಯೆಯನ್ನು ಹಂಚಿಕೊಂಡುವು. ಸೋವಿಯತ್ ಒಕ್ಕೂಟವು ಸೆರ್ಗೆಯ್ ಕೊರೊಲ್ಯೋವ್ ನಿರ್ಮಿಸಿದ ರಾಕೆಟ್ಟಿನಿಂದ 1957ರ ಅಕ್ಟೋಬರ್ 4ರಂದು 83.6 ಕಿಲೋಗ್ರಾಮಿನ ಸ್ಪುಟ್ನಿಕ್ಕನ್ನು ಭೂಮಿಯ ಸುತ್ತ ಹಾರಿಸಿತು. 1961ರ ಏಪ್ರಿಲ್ 12ರಂದು ಯೂರಿ ಗಗಾರಿನ್ ಅಂತರಿಕ್ಷಕ್ಕೆ ಹೋಗಿ ಬಂದನು. ಈ ಕೀರ್ತಿಯ ಪುಟಗಳನ್ನು ಓದಿಸುವಾಗ ಡೋರಾದ ಪುಟವನ್ನು ಹಾರಿಸಿಬಿಡುವುದು ಇತಿಹಾಸದ ಅಧ್ಯಾಪಕರಿಗೆ ಒಪ್ಪುವುದಲ್ಲ.

7. ಮರಳಿ ನಮ್ಮ ನೆಲಕ್ಕೆ

ಸ್ವತಂತ್ರ ಭಾರತದಲ್ಲಿ ಈ ವಿದ್ಯೆಯ ಆರಂಭವನ್ನು 1963ರ ನವೆಂಬರ್ 21ರಿಂದ ಎಣಿಸುವುದು ವಾಡಿಕೆ. ಭೂಮಿಯ ಕಾಂತೀಯ ಸಮಭಾಜಕ ರೇಖೆ ಸಮೀಪದಲ್ಲಿಯೇ ಹಾಯುವ ಕಾರಣಕ್ಕಾಗಿ ವಿಕ್ರಮ್ ಸಾರಾಭಾಯಿ ಅವರು ಕೇರಳದ ತುಂಬಾ ಎಂಬ ಮೀನುಗಾರರ ಊರನ್ನು ಆರಿಸಿದ್ದರು. ಅಲ್ಲಿನ ಇಗರ್ಜಿಯೇ ಮೊದಲ ಕಾರ್ಯಾಲಯವಾಯಿತು. ಆ ದಿನ ಹಾರಿದುದು ಅಮೆರಿಕದ ರಾಕೆಟ್ಟು. ತರಬೇತಿಗಾಗಿ ಅದೇ ವರ್ಷ ಅಮೆರಿಕಕ್ಕೆ ಹೋಗಿದ್ದ ಅಬ್ದುಲ್ ಕಲಾಂ ಅವರು, ವಾಲಪ್ಸ್ ದ್ವೀಪದ ರಾಕೆಟ್ ಕೇಂದ್ರದಲ್ಲಿ ಟಿಪ್ಪುವಿನ ಸೈನ್ಯದ ಬಾಣಗಳನ್ನು ತೋರಿಸುವ ಚಿತ್ರವೊಂದನ್ನು ಕಂಡುದನ್ನು ತಮ್ಮ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ನಮ್ಮವರು ಮರೆತಿದ್ದ ಸಂಗತಿಯನ್ನು ಪರದೇಶದ ಗೋಡೆ ನೆನಪಿಸಿತು. ಆದರೆ ಇದು ನೆನಪಿನ ಸಂಬಂಧ, ವಂಶದ ಸಂಬಂಧವಲ್ಲ. ತುಂಬಾದ ತಂತ್ರಜ್ಞರು ಕಲಿತುದು ಮೈಸೂರಿನ ಬಾಣಗಾರರಿಂದಲ್ಲ. ಆ ಸರಪಣಿ 1799ರಲ್ಲಿಯೇ ಕಡಿದಿತ್ತು.

ಭಾರತೀಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆ 1969ರ ಆಗಸ್ಟ್ 15ರಂದು ಸ್ಥಾಪಿತವಾಯಿತು. ಉಡುಪಿಯ ಕಡೆಯ ಅದಮಾರಿನಲ್ಲಿ ಹುಟ್ಟಿದ ಯು. ಆರ್. ರಾವ್ ಅವರ ನೇತೃತ್ವದಲ್ಲಿ ಬೆಂಗಳೂರಿನ ಪೀಣ್ಯದ ಕೈಗಾರಿಕಾ ಷೆಡ್ಡುಗಳಲ್ಲಿ ಸಿದ್ಧವಾದ ಆರ್ಯಭಟ ಉಪಗ್ರಹವು 1975ರ ಏಪ್ರಿಲ್ 19ರಂದು ಸೋವಿಯತ್ ರಾಕೆಟ್ಟಿನಿಂದ ಹಾರಿತು. ದೇಶದ ಸ್ವಂತ ರಾಕೆಟ್ಟಾದ ಎಸ್‌ಎಲ್‌ವಿ-3 ಮೊದಲ ಜಯವನ್ನು ಕಂಡುದು 1980ರ ಜುಲೈ 18ರಂದು. ಅದರ ತೂಕ ಸುಮಾರು 17 ಟನ್ನು. ಹೊತ್ತೊಯ್ದ ರೋಹಿಣಿಯ ತೂಕ 35 ಕಿಲೋಗ್ರಾಮು. ಹಿಂದಿನ ಭಾಗದಲ್ಲಿ ನಾವು ಮಾಡಿದ ಲೆಕ್ಕದ ಕಾಠಿನ್ಯವು ಈ ಎರಡು ಅಂಕೆಗಳಲ್ಲಿ ಕಣ್ಣಿಗೆ ಕಾಣುತ್ತದೆ. ಉರಿದು ಬರಿದಾದ ಕೊಳವೆಯನ್ನು ಹೊತ್ತು ತಿರುಗುವುದು ವ್ಯರ್ಥವಾದ್ದರಿಂದ ಅದು ನಾಲ್ಕು ಹಂತಗಳಲ್ಲಿ ಒಂದೊಂದನ್ನೇ ಕಳಚುತ್ತ ಮೇಲೇರಿತು.

2023ರ ಜುಲೈ 14ರಂದು ಹೊರಟು ಆಗಸ್ಟ್ 23ರಂದು ಚಂದ್ರನ ದಕ್ಷಿಣಧ್ರುವ ಪ್ರದೇಶದ ಬಳಿ ಇಳಿದ ಚಂದ್ರಯಾನ-3ನ್ನು ಒಯ್ದ ರಾಕೆಟ್ಟಿನಲ್ಲಿ ನಮ್ಮ ಮೂರು ಪರಿಹಾರಗಳೂ ಒಟ್ಟಿಗೆ ಸೇರಿವೆ. ಅದರ ಎರಡು ಪಕ್ಕಗಳಲ್ಲಿ ವಿಶೇಷ ಉಕ್ಕಿನ ಕೊಳವೆಗಳಿವೆ. ಒಂದೊಂದರಲ್ಲಿಯೂ ಸುಮಾರು 200 ಟನ್ನು ಘನ ಇಂಧನ. ಮೇಲಿನ ಹಂತದಲ್ಲಿ ಶೂನ್ಯಕ್ಕಿಂತ 253 ಡಿಗ್ರಿ ಕೆಳಗಿನ ಶೈತ್ಯದಲ್ಲಿಟ್ಟ ದ್ರವ ಜಲಜನಕ. ಇವೆಲ್ಲವನ್ನೂ ನಡೆಸುವುದು ಮೂರ್ ಮತ್ತು ತ್ಸಿಯೋಲ್ಕೋವ್‌ಸ್ಕಿಯರ ಲೆಕ್ಕ. ಒತ್ತಡವನ್ನು ತಾಳಲು ಲೋಹದ ಕೊಳವೆಯೊಳಗೆ ಘನ ಇಂಧನವನ್ನು ದಟ್ಟವಾಗಿ ತುಂಬುವ ಕ್ರಮವನ್ನು ಕಂಡಾಗ ಮೈಸೂರಿನ ಬಾಣವು ನೆನಪಾಗುವುದು ಸಹಜ. ಆ ಒಂದು ಅಂಶದ ಮಟ್ಟಿಗೆ ಅದು ನ್ಯಾಯವೂ ಹೌದು. ಎರಡನೆಯ ಸಿದ್ಧ ಉತ್ತರವೂ ಇಲ್ಲಿಗೆ ಬಿದ್ದುಹೋಗುತ್ತದೆ.

8. ಉಳಿದಿರುವ ಕಾರ್ಯ

ಶಿವಮೊಗ್ಗ ಜಿಲ್ಲೆಯ ನಗರ ಎಂಬ ಊರು ಹಿಂದಿನ ಬಿದನೂರು. 1763ರಲ್ಲಿ ಹೈದರಾಲಿ ಅದನ್ನು ಗೆದ್ದು ತನ್ನ ಹೆಸರನ್ನಿಟ್ಟನು. ಅಲ್ಲಿನ ಹಾಳುಬಾವಿಯೊಂದರಲ್ಲಿ 2018ರಲ್ಲಿ ಪುರಾತತ್ತ್ವ ಇಲಾಖೆಯವರು ಸಾವಿರಕ್ಕೂ ಹೆಚ್ಚು ಬಾಣದ ಕೊಳವೆಗಳನ್ನು ಹೊರತೆಗೆದರು. ಆಗ ವರದಿಯಾದ ಅಳತೆಯಂತೆ ಅವುಗಳ ಉದ್ದ ಸುಮಾರು 23ರಿಂದ 26 ಸೆಂಟಿಮೀಟರು. ವುಲ್ವಿಚ್ಚಿನ ಕೊಳವೆಯ ಉದ್ದವೂ ಇದೇ ಮಿತಿಯೊಳಗೆ ಬರುತ್ತದೆಂಬುದನ್ನು ಗಮನಿಸಬೇಕು.

ಸಾವಿರ ಕೊಳವೆಗಳೆಂದರೆ ಸಾವಿರ ದಾಖಲೆಗಳು. ಅವುಗಳ ಉದ್ದ, ವ್ಯಾಸ, ರಂಧ್ರದ ಗಾತ್ರಗಳು ಎಷ್ಟರಮಟ್ಟಿಗೆ ಒಂದಕ್ಕೊಂದು ಹೊಂದುತ್ತವೆ? ಹೊಂದುವುದಾದರೆ ಕಾರ್ಖಾನೆಯಲ್ಲಿ ಗೊತ್ತಾದ ಅಳತೆಯೊಂದು ಜಾರಿಯಲ್ಲಿತ್ತೆಂದು ಹೇಳಬಹುದು. ಲೋಹದ ಗುಣವೇನು? ಒಳಗಿನ ಮಣ್ಣಿನಲ್ಲಿ ಉಳಿದಿರುವ ಮದ್ದಿನ ಪ್ರಮಾಣಗಳೇನು? ಬೆಂಗಳೂರಿನ ತಾರಾಮಂಡಲಪೇಟೆಯ ಹೆಸರನ್ನು ಬಾಣದ ತಯಾರಿಕೆಯೊಡನೆ ಜೋಡಿಸುವ ಮಾತೊಂದು ಬಳಕೆಯಲ್ಲಿದೆ. ಹೆಸರು ಸಾಕ್ಷ್ಯದ ಮೊದಲ ಮೆಟ್ಟಿಲೇ ಹೊರತು ಕೊನೆಯದಲ್ಲ. ಕೊಳವೆಗಳನ್ನು ಅಳೆಯುವುದು ಅದರ ಮುಂದಿನ ಮೆಟ್ಟಿಲು. ಇತಿಹಾಸ, ಭೌತಶಾಸ್ತ್ರ, ರಸಾಯನಶಾಸ್ತ್ರಗಳ ವಿದ್ಯಾರ್ಥಿಗಳು ಒಂದೇ ಮೇಜಿನ ಸುತ್ತ ಕುಳಿತು ಮಾಡಬೇಕಾದ ಕೆಲಸವಿದು.

ಮೈಸೂರಿನ ಬಾಣಗಾರರು ತಮ್ಮ ಪಾಕವನ್ನು ಬರೆದಿಟ್ಟುಹೋಗಲಿಲ್ಲ. ಅವರಲ್ಲಿ ಒಬ್ಬನ ಹೆಸರೂ ನಮ್ಮ ಪಠ್ಯಪುಸ್ತಕಗಳಲ್ಲಿಲ್ಲ. ಮೂರನ ಪುಸ್ತಕ ಅಚ್ಚಾಗಿಯೂ ಓದುವವರಿಲ್ಲದೆ ಮರೆಯಾಯಿತು. ಗಾಡರ್ಡನ ಅಳತೆಗಳನ್ನು ಅವನ ಕಾಲದ ಪತ್ರಿಕೆಯೇ ನಂಬಲಿಲ್ಲ. ವಿದ್ಯೆಯು ಹುಟ್ಟಿದ ಮಾತ್ರಕ್ಕೆ ಬಾಳುವುದಿಲ್ಲ. ಅದನ್ನು ಬರೆದಿಡುವ ಕೈ, ಓದುವ ಕಣ್ಣು, ಕಾಪಾಡುವ ಸಂಸ್ಥೆ ಮೂರೂ ಕೂಡಿದಾಗ ಮಾತ್ರ ಬಾಳುತ್ತದೆ. ಬಾಣವನ್ನು ಮೊದಲು ಬಿಟ್ಟವರಾರೆಂದು ವಿದ್ಯಾರ್ಥಿ ಕೇಳಿದಾಗ, ಆ ವಿದ್ಯೆಯನ್ನು ಮುಂದಿನವರಿಗೆ ಮುಟ್ಟಿಸಿದವರಾರು, ಅದು ಎಲ್ಲಿ ಕಡಿಯಿತು, ಏಕೆ ಕಡಿಯಿತು ಎಂಬ ಪ್ರಶ್ನೆಗಳನ್ನೂ ನಾವು ಅವನ ಮುಂದಿಡಬೇಕು. ಅವಕ್ಕೆ ಉತ್ತರವನ್ನು ಹುಡುಕಲು ನಗರದ ಕೊಳವೆಗಳು ಈಗ ನಮ್ಮ ಕೈಗೆ ದೊರೆತಿವೆ.